ರನ್: 645 ಅರ್ಥಗಳ ಒಂದು ಕ್ರಿಯಾಪದ

ಇಂಗ್ಲಿಷಿನ ‘ರನ್’ ಮೂರೇ ಅಕ್ಷರಗಳ ಕ್ರಿಯಾಪದ. ಕರ್ನಾಟಕದ ಯಾವ ಊರಿನ ಶಾಲೆಗೆ ಹೋಗಿ ಕೇಳಿದರೂ ಅದರ ಅರ್ಥ ‘ಓಡು’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರು 2011ರಲ್ಲಿ ಈ ಪದವನ್ನು ಪರಿಷ್ಕರಿಸಿ ಮುಗಿಸಿದಾಗ ಕ್ರಿಯಾಪದವಾಗಿ ಅದಕ್ಕೆ ಸಿಕ್ಕ ಅರ್ಥಗಳು 645. ಹೊಳೆ ರನ್ ಆಗುತ್ತದೆ, ಮೂಗು ರನ್ ಆಗುತ್ತದೆ, ಹೊಸ ಸೀರೆಯ ಬಣ್ಣ ರನ್ ಆಗುತ್ತದೆ. ಹೋಟೆಲನ್ನು, ಸರ್ಕಾರವನ್ನು, ಕಂಪ್ಯೂಟರ್ ಪ್ರೋಗ್ರಾಮನ್ನು ರನ್ ಮಾಡುತ್ತಾರೆ. ಪತ್ರಿಕೆ ಸುದ್ದಿಯನ್ನು ರನ್ ಮಾಡುತ್ತದೆ, ಬೇಲಿ ತೋಟದ ಉದ್ದಕ್ಕೂ ರನ್ ಆಗುತ್ತದೆ. ಇಷ್ಟರಲ್ಲಿ ಎಲ್ಲಿಯೂ ಕಾಲಿನ ಕೆಲಸವಿಲ್ಲ.

ಇಷ್ಟು ಅರ್ಥ ಹೊತ್ತ ಪದಕ್ಕೆ ಸಮಾನಾರ್ಥಕ ಹುಡುಕಲು ಹೊರಟವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಒಂದೊಂದು ಅರ್ಥಕ್ಕೂ ಹತ್ತಾರು ಪರ್ಯಾಯ ಪದಗಳಿವೆ. ಎಲ್ಲ ಅರ್ಥಗಳಿಗೂ ಒಗ್ಗುವ ಪರ್ಯಾಯ ಒಂದೂ ಇಲ್ಲ.

ಎಣಿಸಿದವರು

ಪುಟ್ಟ ಕ್ರಿಯಾಪದಗಳು ನಿಘಂಟುಕಾರರಿಗೆ ಹಳೆಯ ತಲೆನೋವು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಲಂಡನ್ನಿನಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದಾಗ, ತನ್ನನ್ನು ಬಹಳವಾಗಿ ಕಾಡಿದ ಕ್ರಿಯಾಪದಗಳು ಯಾವುವೆಂದು ಮುನ್ನುಡಿಯಲ್ಲೇ ಹೆಸರಿಸಿದ. ಕಮ್, ಗೆಟ್, ಗಿವ್, ಡೂ, ಪುಟ್, ಸೆಟ್, ಗೋ, ಮೇಕ್, ಟೇಕ್, ಟರ್ನ್ ಆ ಪಟ್ಟಿಯಲ್ಲಿವೆ. ರನ್ ಕೂಡ ಇದೆ. ಎಲ್ಲವೂ ಮಕ್ಕಳು ಮೊದಲು ಕಲಿಯುವ ಪದಗಳೇ. ‘ಟೇಕ್’ ಒಂದಕ್ಕೇ ಜಾನ್ಸನ್ 134 ಅರ್ಥ ಬರೆದ. ಉದ್ದುದ್ದದ ಲ್ಯಾಟಿನ್ ಮೂಲದ ಪದಗಳು ಅವನಿಗೆ ಇಷ್ಟು ಕಾಟ ಕೊಡಲಿಲ್ಲ. ಅವು ಸಾಮಾನ್ಯವಾಗಿ ಒಂದೆರಡು ಅರ್ಥಕ್ಕೆ ಕಟ್ಟುಬಿದ್ದಿರುತ್ತವೆ.

ಮುಂದೆ ಈ ಹೊಣೆ ಆಕ್ಸ್‌ಫರ್ಡ್ ನಿಘಂಟಿನ ಮೇಲೆ ಬಿತ್ತು. 1857ರಲ್ಲಿ ಲಂಡನ್ನಿನ ಫಿಲೊಲಾಜಿಕಲ್ ಸೊಸೈಟಿಯಲ್ಲಿ ಮೊಳೆತ ಯೋಜನೆ ಅದು. ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಜೇಮ್ಸ್ ಮರ್‍ರೆ ಅದರ ಹೆಸರಾಂತ ಸಂಪಾದಕನಾದರೂ ಕೆಲಸವನ್ನು ನಾಲ್ವರು ಸಂಪಾದಕರು ಹಂಚಿಕೊಂಡಿದ್ದರು. ‘ಸೆಟ್’ ಹೆನ್ರಿ ಬ್ರ್ಯಾಡ್ಲಿಯ ಪಾಲಿಗೆ ಬಂತು, ‘ರನ್’ ವಿಲಿಯಂ ಕ್ರೇಗಿಯ ಪಾಲಿಗೆ. 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ನದು: ಬರಿಯ ಕ್ರಿಯಾಪದಕ್ಕೇ 430 ಅರ್ಥ, ನುಡಿಗಟ್ಟುಗಳನ್ನೂ ಸೇರಿಸಿದರೆ 580ರಷ್ಟು, ವಿವರಣೆಗೆ ಸುಮಾರು 60,000 ಪದ. ಒಂದು ಸಣ್ಣ ಕಾದಂಬರಿಯ ಗಾತ್ರ.

ಮೂರನೆಯ ಆವೃತ್ತಿಯ ಪರಿಷ್ಕರಣೆ ‘ಎಂ’ ಅಕ್ಷರದಿಂದ ಶುರುವಾದ ಮೇಲೆ ದಾಖಲೆಗಳು ಒಂದೊಂದಾಗಿ ಬಿದ್ದವು. 2000ದಲ್ಲಿ ‘ಮೇಕ್’ ಮುಂದೆ ಬಂತು, 2007ರಲ್ಲಿ ‘ಪುಟ್’ ಅದನ್ನು ಹಿಂದಿಕ್ಕಿತು, 2011ರಲ್ಲಿ ‘ರನ್’ ಎಲ್ಲವನ್ನೂ ಮೀರಿತು. ಅದನ್ನು ಪರಿಷ್ಕರಿಸಿದ ಪೀಟರ್ ಗಿಲಿವರ್ ಆ ಒಂದು ಪದದೊಂದಿಗೆ ಒಂಬತ್ತು ತಿಂಗಳು ಏಗಿದರು. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಕೆಲಸ ಮಾಡುತ್ತಿದ್ದ ಕೋರಿ ಸ್ಟ್ಯಾಂಪರ್ ಅವರು ‘ಟೇಕ್’ ಪದಕ್ಕೆ ಒಂದು ತಿಂಗಳು ಕೊಟ್ಟ ಅನುಭವವನ್ನು ಪುಸ್ತಕದಲ್ಲಿ ಬರೆದಿದ್ದಾರೆ. ಗಿಲಿವರ್ ಅವರ ಒಂಬತ್ತು ತಿಂಗಳ ಮಾತು ಕೇಳಿ ತಮ್ಮ ಒಂದು ತಿಂಗಳು ಏನೂ ಅಲ್ಲವೆಂದು ಅವರಿಗೆ ಅನ್ನಿಸಿತಂತೆ.

ಇಲ್ಲಿ ಒಂದು ಎಚ್ಚರ ಬೇಕು. 645 ಎಂಬುದು ಪದಕ್ಕೆ ಅಂಟಿಕೊಂಡೇ ಹುಟ್ಟಿದ ಸಂಖ್ಯೆಯಲ್ಲ, ಆಕ್ಸ್‌ಫರ್ಡ್‌ನವರು ಎಣಿಸುವ ಕ್ರಮದಿಂದ ಬಂದದ್ದು. ನಿಘಂಟುಕಾರರಲ್ಲಿ ಅರ್ಥಗಳನ್ನು ಒಟ್ಟು ಮಾಡುವವರು, ಒಡೆದು ಹರಡುವವರು ಎಂಬ ಎರಡು ಪಂಗಡಗಳೇ ಇವೆ. ಹೊಳೆ ಹರಿಯುವುದು, ನಲ್ಲಿಯ ನೀರು ಹರಿಯುವುದು, ಕಣ್ಣೀರು ಹರಿಯುವುದು ಒಂದೇ ಅರ್ಥವೋ ಮೂರೋ? ಒಟ್ಟು ಮಾಡುವವರು ಒಂದೆನ್ನುತ್ತಾರೆ. ಆಕ್ಸ್‌ಫರ್ಡ್ ನಿಘಂಟು ಚಾರಿತ್ರಿಕ ನಿಘಂಟು. ಒಂದೊಂದು ಬಳಕೆಯೂ ಯಾವ ಕಾಲದಲ್ಲಿ ಮೊದಲು ಬರಹಕ್ಕೆ ಬಂತು, ಯಾವಾಗ ಬಳಕೆ ತಪ್ಪಿತು ಎಂದು ಉದಾಹರಣೆ ಸಮೇತ ತೋರಿಸಬೇಕಾದ್ದರಿಂದ ಅದು ಒಡೆಯುವ ಕಡೆಗೇ ವಾಲುತ್ತದೆ. ವಿದ್ಯಾರ್ಥಿಗಳಿಗಾಗಿ ಮಾಡಿದ ಕೈಪಿಡಿ ನಿಘಂಟು ಇದೇ ಪದವನ್ನು ಕೆಲವೇ ಗುಂಪುಗಳಲ್ಲಿ ಮುಗಿಸುತ್ತದೆ. ಎರಡೂ ಸರಿಯೇ.

ಎರಡು ಪದ ಒಂದಾದದ್ದು

ಹಳೆಯ ಇಂಗ್ಲಿಷಿನಲ್ಲಿ ಇದು ಒಂದು ಪದವಾಗಿರಲಿಲ್ಲ, ಎರಡಿದ್ದವು. ‘ರಿನ್ನನ್’ ಎಂದರೆ ತಾನೇ ಓಡು ಅಥವಾ ಹರಿ. ಇದರ ವ್ಯಂಜನ ಹಿಂದುಮುಂದಾಗಿ ‘ಇರ್ನನ್’ ಎಂಬ ರೂಪವೂ ಇತ್ತು. ಇನ್ನೊಂದು ‘ಆ್ಯರ್ನನ್’: ಓಡಿಸು, ಅದರಲ್ಲೂ ಕುದುರೆಯನ್ನು ಓಡಿಸು. ಬ್ರಿಟನ್ನಿಗೆ ಬಂದು ನೆಲೆಸಿದ ವೈಕಿಂಗ್‌ಗಳ ನಾರ್ಸ್ ಭಾಷೆಯಲ್ಲೂ ‘ರಿನ್ನ’, ‘ರೆನ್ನ’ ಎಂಬ ಇಂಥದೇ ಜೋಡಿ ಇತ್ತು. ಅದರ ಪ್ರಭಾವವೂ ಸೇರಿಕೊಂಡಿತು. ಮಧ್ಯಯುಗ ಮುಗಿಯುವ ಹೊತ್ತಿಗೆ ಇವೆಲ್ಲ ಕಲೆತು ಒಂದೇ ಕ್ರಿಯಾಪದವಾದವು. ಚಾಸರ್ ಕವಿಯ ಕಾಲಕ್ಕೆ ಅದು ‘ರೆನ್ನೆ’ ಎಂಬಂತಿತ್ತು. ಭೂತಕಾಲದ ರೂಪಗಳಲ್ಲಿದ್ದ ‘ಯು’ ಸ್ವರ ವರ್ತಮಾನಕ್ಕೂ ಹಬ್ಬಿ, 16ನೇ ಶತಮಾನದ ಹೊತ್ತಿಗೆ ಇಂದಿನ ‘ರನ್’ ನೆಲೆ ನಿಂತಿತು. ಸೋದರ ಭಾಷೆ ಜರ್ಮನ್ ಮಾತ್ರ ಈ ಎರಡನ್ನೂ ಇಂದಿಗೂ ಬೇರೆಯಾಗಿಯೇ ಇಟ್ಟುಕೊಂಡಿದೆ: ‘ರಿನ್ನೆನ್’ ಎಂದರೆ ಹರಿ, ಜಿನುಗು, ‘ರೆನ್ನೆನ್’ ಎಂದರೆ ಓಡು.

ಅರ್ಥಗಳ ಈ ಜಾತ್ರೆಗೆ ಮುಖ್ಯ ಕಾರಣವೊಂದು ಇಲ್ಲೇ ಅಡಗಿದೆ. ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಇನ್ನೊಂದರಿಂದ ಮಾಡಿಸುವುದಕ್ಕೂ ನಡುವೆ ‘ಇಸು’ ಪ್ರತ್ಯಯ ಗಡಿಕಲ್ಲು ನೆಟ್ಟಿದೆ: ಓಡು-ಓಡಿಸು, ಹರಿ-ಹರಿಸು, ನಡೆ-ನಡೆಸು. ಇಂಗ್ಲಿಷಿನಲ್ಲಿ ಆ ಗಡಿ ಅಳಿಸಿಹೋಯಿತು. ಬಸ್ಸು ಓಡಿದರೂ ‘ರನ್’, ನಿಗಮದವರು ಬಸ್ಸು ಓಡಿಸಿದರೂ ‘ರನ್’. ನೀರು ಹರಿದರೂ ಅದೇ, ಸ್ನಾನಕ್ಕೆ ತೊಟ್ಟಿ ತುಂಬಲು ನೀರು ಬಿಟ್ಟರೂ ಅದೇ. ಹೀಗೆ ಒಂದೊಂದು ಅರ್ಥಕ್ಕೂ ಒಂದು ಜೊತೆ ಹುಟ್ಟಿಕೊಂಡರೆ ಪಟ್ಟಿ ಬೆಳೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಕಾಲಿನ ಓಟ

ಮೊದಲ ಅರ್ಥ ಕಾಲಿನದೇ. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ವೇಗದ್ದು ಎಂದು ಬಹುಮಂದಿ ಭಾವಿಸುತ್ತಾರೆ. ಅದು ನಿಜವಲ್ಲ. ನಡೆಯುವಾಗ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಡುವಾಗ ಒಂದು ಕ್ಷಣ ಎರಡೂ ಪಾದ ನೆಲ ಬಿಟ್ಟಿರುತ್ತವೆ. ನಡಿಗೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕಣ್ಣಿಟ್ಟು ಕಾಯುವುದೇ ಇದನ್ನು. ಎರಡೂ ಪಾದ ಮೇಲೆದ್ದದ್ದು ಕಣ್ಣಿಗೆ ಬಿದ್ದರೆ ಸ್ಪರ್ಧಿಗೆ ಎಚ್ಚರಿಕೆ ಖಚಿತ. ಕುದುರೆಯ ವಿಷಯದಲ್ಲಿ ಇದೇ ಪ್ರಶ್ನೆ 19ನೇ ಶತಮಾನದಲ್ಲಿ ದೊಡ್ಡ ಚರ್ಚೆಯಾಗಿತ್ತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್‌ನ ಕುದುರೆ ಓಡುತ್ತಿರುವಾಗ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ಚಿತ್ರ ತೆಗೆದು, ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುವ ಗಳಿಗೆ ಇದೆಯೆಂದು ತೋರಿಸಿಕೊಟ್ಟ.

ಈ ಅರ್ಥದ ಸಮಾನಾರ್ಥಕಗಳು ಒಂದಕ್ಕಿಂತ ಒಂದು ಚೂಪು. ‘ಸ್ಪ್ರಿಂಟ್’ ಇರುವ ಶಕ್ತಿಯನ್ನೆಲ್ಲ ಸುರಿದು ಕಡಿಮೆ ದೂರ ಓಡುವುದು. ‘ಡ್ಯಾಶ್’ನಲ್ಲಿ ಅವಸರವಿದೆ: ಮಳೆ ಹನಿಯುತ್ತಲೇ ಹಪ್ಪಳ ಎತ್ತಿಕೊಳ್ಳಲು ಅಂಗಳಕ್ಕೆ ಧಾವಿಸುವಂಥದು. ‘ಸ್ಕ್ಯಾಂಪರ್’ ಇಲಿ, ಅಳಿಲು, ಪುಟ್ಟ ಮಕ್ಕಳಿಗೆ. ‘ಗ್ಯಾಲಪ್’ ಕುದುರೆಯದು, ಕನ್ನಡದ ನಾಗಾಲೋಟ. ‘ಜಾಗ್’ ಮೊದಲು ಅಲುಗಾಡಿಸುವುದು, ತಳ್ಳುವುದು ಎಂಬ ಅರ್ಥದ ಹಳೆಯ ಪದ. ಅದು ವ್ಯಾಯಾಮವಾಗಿ ಮನೆಮಾತಾದದ್ದು 1960ರ ದಶಕದಲ್ಲಿ, ನ್ಯೂಜಿಲೆಂಡಿನಿಂದ ಅಮೆರಿಕಕ್ಕೆ ಹಬ್ಬಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಹೊತ್ತು ನಡೆಯುವುದು ಜಾಗಿಂಗ್. ಅದಕ್ಕೆ ಕನ್ನಡ ಪದ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ, ಹೋಗಬೇಕಾದ ಅಗತ್ಯವೂ ಕಾಣದು.

ಕ್ರಿಕೆಟ್ಟಿನ ರನ್ ಕಾಲಿನಿಂದ ಹುಟ್ಟಿ ಕಾಲನ್ನು ಬಿಟ್ಟ ನಾಮಪದ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅಂಕ ಬರೆಯುವವರು ಕೋಲಿನ ಮೇಲೆ ಚಾಕುವಿನಿಂದ ಗೀಟು ಕೆತ್ತುತ್ತಿದ್ದರು, ಅಂಕಕ್ಕೆ ‘ನಾಚ್’ ಎಂದೇ ಹೆಸರು. ವಿಕೆಟ್ಟುಗಳ ನಡುವೆ ಓಡಿ ಗಳಿಸುವ ಅಂಕವಾದ್ದರಿಂದ ‘ರನ್’ ಆ ಹೆಸರನ್ನು ಹೊರದಬ್ಬಿತು. ಆಮೇಲೆ ಚೆಂಡು ಗಡಿ ದಾಟಿದರೆ ಒಂದು ಹೆಜ್ಜೆಯೂ ಇಡದೆ ನಾಲ್ಕು ರನ್ ಬರುವ ಹಾಗಾಯಿತು. ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್ಟಿನಲ್ಲಿ ಗಳಿಸಿದ 13,288 ರನ್‌ಗಳಲ್ಲಿ ನಿಂತಲ್ಲೇ ನಿಂತು ಗಳಿಸಿದ ಪಾಲು ಸಣ್ಣದೇನಲ್ಲ. ಕನ್ನಡ ಪತ್ರಿಕೆಗಳು ಇದನ್ನು ‘ಓಟ’ ಎಂದು ಬರೆದು ನೋಡಿದವು. ಕೊನೆಗೆ ‘ರನ್’ ಉಳಿಯಿತು.

ಹರಿವು, ಸೋರಿಕೆ, ಹಾದಿ

ನೀರಿನ ಅರ್ಥ ಕಾಲಿನ ಅರ್ಥದಷ್ಟೇ ಪುರಾತನ. ಹೊಳೆ ರನ್ ಆಗುತ್ತದೆ ಎಂದರೆ ಹರಿಯುತ್ತದೆ. ಇಲ್ಲಿ ‘ಫ್ಲೋ’, ‘ಸ್ಟ್ರೀಮ್’ ಸಮಾನಾರ್ಥಕ. ರಭಸವಾಗಿ ಬಂದರೆ ‘ಗಶ್’, ಸಣ್ಣಗೆ ಜಿನುಗಿದರೆ ‘ಟ್ರಿಕಲ್’. ಕನ್ನಡ ಇಲ್ಲಿ ಸಂದರ್ಭಕ್ಕೊಂದು ಕ್ರಿಯಾಪದ ತರುತ್ತದೆ. ಹೊಳೆ ಹರಿಯುತ್ತದೆ, ನೆಗಡಿಯಾದರೆ ಮೂಗು ಸೋರುತ್ತದೆ, ಕಣ್ಣೀರು ಇಳಿಯುತ್ತದೆ, ಮೊದಲ ಒಗೆತಕ್ಕೇ ಸೀರೆ ಬಣ್ಣ ಬಿಡುತ್ತದೆ. ನಾಲ್ಕಕ್ಕೂ ಇಂಗ್ಲಿಷಿನದು ಒಂದೇ ಉತ್ತರ. ಅರೆಬೆಂದ ಮೊಟ್ಟೆಯ ಲೋಳೆ, ಕರಗಿ ಜಾರಿದ ಮೇಣ, ಗೋಡೆಯ ಮೇಲೆ ಇಳಿಬಿದ್ದ ಹಸಿ ಪೇಂಟು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಓಟವೂ ನೀರೂ ಒಂದೇ ಧಾತುವಿನಲ್ಲಿ ಕೂಡುವುದು ಇಂಗ್ಲಿಷಿನವರ ವಿಶೇಷವೇನಲ್ಲ. ಸಂಸ್ಕೃತದ ಪಾಣಿನೀಯ ಧಾತುಪಾಠದಲ್ಲಿ ‘ಧಾವ್’ ಧಾತುವಿಗೆ ಎರಡು ಅರ್ಥ ಹೇಳಿದೆ: ಗತಿ ಮತ್ತು ಶುದ್ಧಿ, ಎಂದರೆ ತೊಳೆಯುವುದು. ಕನ್ನಡದ ‘ಧಾವಿಸು’ ಮೊದಲನೆಯ ಅರ್ಥದಿಂದ ಬಂದದ್ದು, ಬಟ್ಟೆ ಒಗೆಯುವ ‘ಧೋಬಿ’ ಎರಡನೆಯದರಿಂದ.

ಇನ್ನು ಅಲುಗಾಡದ ವಸ್ತುಗಳು ಓಡುವ ಬಗೆ. ರಸ್ತೆ ಕರಾವಳಿಯ ಉದ್ದಕ್ಕೂ ರನ್ ಆಗುತ್ತದೆ, ಗೋಡೆಯ ಮೇಲೆ ಬಿರುಕು ರನ್ ಆಗುತ್ತದೆ. ರಸ್ತೆ ಎಲ್ಲಿಗೂ ಓಡಿಲ್ಲ, ನೋಡುವವರ ಕಣ್ಣು ಅದರ ಜಾಡಿನಲ್ಲಿ ಓಡಿದೆ, ಅಷ್ಟೆ. ಇಂಥ ಬಳಕೆಯನ್ನು ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ‘ಕಲ್ಪಿತ ಚಲನೆ’ ಎಂದು ಕರೆದರು. ಕನ್ನಡದ ರಸ್ತೆ ಅಷ್ಟು ಅವಸರದ್ದಲ್ಲ. ಅದು ‘ಹೋಗುತ್ತದೆ’, ‘ಹಾದುಹೋಗುತ್ತದೆ’. ಆದರೆ ಉದ್ದ ಹೇಳುವ ಈ ‘ರನ್’ ಕರ್ನಾಟಕದ ಬಡಗಿಗಳ ಬಾಯಲ್ಲಿ ಚೆನ್ನಾಗಿ ಬೇರೂರಿದೆ. ಅಡುಗೆಮನೆಯ ಕಟ್ಟೆಗೋ ಬಾಗಿಲ ಪಟ್ಟಿಗೋ ಅಗಲ ಲೆಕ್ಕಿಸದೆ ಬರೀ ಉದ್ದಕ್ಕೆ ದರ ಹೇಳುವಾಗ ಅವರು ‘ರನ್ನಿಂಗ್ ಫೀಟ್‌ಗೆ ಇಷ್ಟು’ ಎನ್ನುತ್ತಾರೆ. ಅಲ್ಲಿ ಓಡುವುದು ಅಳತೆಯ ಟೇಪು ಮಾತ್ರ.

ಯಂತ್ರ ಬಂದ ಮೇಲೆ

‘ಸೆಟ್’ ಪದವನ್ನು ‘ರನ್’ ಹಿಂದಿಕ್ಕಿದ್ದು ಏಕೆ? ಪತ್ರಕರ್ತ, ಲೇಖಕ ಸೈಮನ್ ವಿಂಚೆಸ್ಟರ್ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದ ಲೇಖನದಲ್ಲಿ ಬೆರಳು ಮಾಡಿದ್ದು ಯಂತ್ರಯುಗದ ಕಡೆಗೆ. ಒಂದು ಕಡೆ ಕೂರಿಸುವ, ಇಡುವ ‘ಸೆಟ್’ ಹಳೆಯ ನಿಧಾನದ ಬದುಕಿಗೆ ಒಪ್ಪಿತು. ರೈಲು, ಗಿರಣಿ, ಮೋಟಾರು, ಕಂಪ್ಯೂಟರ್ ಬಂದ ಮೇಲೆ ಓಡುವ ಪದಕ್ಕೆ ಕೆಲಸ ಹೆಚ್ಚಿತು. ಈ ವಾದದಲ್ಲಿ ಸ್ವಲ್ಪ ಪತ್ರಿಕೆಯ ರಂಗು ಇರುವುದು ಹೌದು. ಎರಡೂ ಪದಗಳನ್ನು ಎಣಿಸಿದ ಕಾಲ ಬೇರೆ, ಎಣಿಸಿದ ಬಗೆಯೂ ಅಷ್ಟಿಷ್ಟು ಬೇರೆ. ಹಾಗಿದ್ದೂ ಗಡಿಯಾರದಿಂದ ಸರ್ವರ್‌ವರೆಗೆ ಎಲ್ಲ ಯಂತ್ರವೂ ರನ್ ಆಗುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಯಂತ್ರದಿಂದ ಪದ ಕಚೇರಿಗೆ ನಡೆಯಿತು. ವ್ಯವಹಾರವನ್ನು, ಸಂಸ್ಥೆಯನ್ನು ‘ರನ್’ ಮಾಡುವುದು 19ನೇ ಶತಮಾನದ ಅಮೆರಿಕದಲ್ಲಿ ಬಲಿತ ಬಳಕೆ. ಇಲ್ಲಿನ ಸಮಾನಾರ್ಥಕಗಳು ‘ಮ್ಯಾನೇಜ್’, ‘ಆಪರೇಟ್’, ‘ಕಂಡಕ್ಟ್’, ‘ಅಡ್ಮಿನಿಸ್ಟರ್’. ನಾಲ್ಕರಲ್ಲೂ ಕೋಟು ಹಾಕಿಕೊಂಡ ಗಾಂಭೀರ್ಯವಿದೆ. ಹೋಟೆಲನ್ನು ‘ಮ್ಯಾನೇಜ್’ ಮಾಡುವವನು ಸಂಬಳದ ಮ್ಯಾನೇಜರ್ ಎನಿಸುತ್ತಾನೆ. ‘ರನ್’ ಮಾಡುವವನು ಹಿಟ್ಟು ರುಬ್ಬಿಸುವುದರಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗೆ ಎಲ್ಲಕ್ಕೂ ತಲೆ ಕೊಟ್ಟವನು. ‘ಆಪರೇಟ್’ ಯಂತ್ರಕ್ಕೂ ವಿಮಾನ ಸಂಸ್ಥೆಗೂ ಸರಿ, ಮನೆಗೆ ಸಲ್ಲದು. ‘ಅಡ್ಮಿನಿಸ್ಟರ್’ ಸರ್ಕಾರಿ ಕಡತದ ಪದ. ಕನ್ನಡದ ‘ನಡೆಸು’ ಮಾತ್ರ ಇಂಗ್ಲಿಷಿನ ‘ರನ್’ನಷ್ಟೇ ಸಲೀಸು: ಹೋಟೆಲು ನಡೆಸುತ್ತಾರೆ, ಪತ್ರಿಕೆ ನಡೆಸುತ್ತಾರೆ, ಸಂಸಾರ ನಡೆಸುತ್ತಾರೆ. ಇಂಗ್ಲಿಷಿನವರು ಓಡಿಸುವುದನ್ನು ಕನ್ನಡಿಗರು ನಡೆಸಿಕೊಂಡು ಹೋಗುತ್ತಾರೆ.

ಭಾರತೀಯ ರೈಲ್ವೆಯಲ್ಲಿ ಈ ಪದಕ್ಕೆ ಬೇರೆಯೇ ಸಂಸಾರವಿದೆ. ರೈಲಿನಲ್ಲೇ ದುಡಿಯುವ ಲೋಕೋ ಪೈಲಟ್‌ಗಳು, 2022ರಿಂದ ‘ಟ್ರೈನ್ ಮ್ಯಾನೇಜರ್’ ಎನಿಸಿಕೊಂಡಿರುವ ಗಾರ್ಡುಗಳು ‘ರನ್ನಿಂಗ್ ಸ್ಟಾಫ್’. ಹುಬ್ಬಳ್ಳಿಯಂಥ ದೊಡ್ಡ ಜಂಕ್ಷನ್ನುಗಳಲ್ಲಿ ಅವರಿಗೆ ‘ರನ್ನಿಂಗ್ ರೂಮ್’ ಇರುತ್ತದೆ. ಗೊತ್ತಿಲ್ಲದವರು ವ್ಯಾಯಾಮಶಾಲೆ ಎಂದುಕೊಂಡಾರು. ಅದು ಪಾಳಿ ಮುಗಿಸಿ ಬಂದವರು ಮಲಗುವ ಕೋಣೆ. ಹಳೆ ವಾಹನ ಮಾರುವವರ ‘ಗಾಡಿ ರನ್ನಿಂಗ್ ಕಂಡೀಷನ್‌ನಲ್ಲಿದೆ’ ಎಂಬ ಮಾತಿಗೆ ‘ಓಡುತ್ತದೆ, ಹೆಚ್ಚು ಕೇಳಬೇಡಿ’ ಎಂಬ ಧ್ವನಿಯೂ ಉಂಟು.

ನಾಟಕ, ಸಿನಿಮಾ ಎಷ್ಟು ದಿನ ‘ರನ್’ ಆಯಿತು ಎಂಬ ಬಳಕೆಯಲ್ಲಿ ‘ಲಾಸ್ಟ್’, ‘ಕಂಟಿನ್ಯೂ’ ಸಮಾನಾರ್ಥಕ. ಈ ಒಂದು ಅರ್ಥದಲ್ಲಿ ಕನ್ನಡವೂ ‘ಓಡು’ ಎಂದೇ ಹೇಳುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎಂದರೆ ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಓಡದ ಸಿನಿಮಾ ಕನ್ನಡದಲ್ಲಿ ‘ಮಕಾಡೆ ಮಲಗುತ್ತದೆ’. ಅದಕ್ಕೆ ಇಂಗ್ಲಿಷಿನ ಹಂಗು ಬೇಕಾಗಿಲ್ಲ.

ಚುನಾವಣೆಯಲ್ಲಿ ಓಡುವವರು, ನಿಲ್ಲುವವರು

ಅಮೆರಿಕದ ರಾಜಕಾರಣಿ ಅಧ್ಯಕ್ಷ ಪದವಿಗೆ ‘ರನ್’ ಮಾಡುತ್ತಾನೆ. ಬ್ರಿಟನ್ನಿನವನು ಪಾರ್ಲಿಮೆಂಟಿಗೆ ‘ಸ್ಟ್ಯಾಂಡ್’ ಮಾಡುತ್ತಾನೆ. ಒಂದೇ ಭಾಷೆ, ಒಂದೇ ಕೆಲಸ; ಒಬ್ಬ ಓಡುತ್ತಾನೆ, ಇನ್ನೊಬ್ಬ ನಿಲ್ಲುತ್ತಾನೆ. ಓಡು ಮತ್ತು ನಿಲ್ಲು ವಿರುದ್ಧಾರ್ಥಕ ಎಂದು ಕಲಿಸುವ ಶಾಲಾ ಪುಸ್ತಕಗಳು ಇಲ್ಲಿ ಕೈಚೆಲ್ಲಬೇಕು: ಈ ಅರ್ಥದಲ್ಲಿ ಅವು ಸಮಾನಾರ್ಥಕ. ಕನ್ನಡಿಗರು ನಿಲ್ಲುವವರ ಪಕ್ಷ. ‘ಈ ಸಲ ಚುನಾವಣೆಗೆ ಯಾರು ನಿಂತಿದ್ದಾರೆ?’ ಎಂದು ಕೇಳುತ್ತಾರೆಯೇ ಹೊರತು ಯಾರು ಓಡುತ್ತಿದ್ದಾರೆ ಎಂದಲ್ಲ. ಹಾಗೆ ಕೇಳಿದರೆ ಅಭ್ಯರ್ಥಿ ಪರಾರಿಯಾದ ಎಂದೇ ಅರ್ಥವಾದೀತು. ಭಾರತದ ಇಂಗ್ಲಿಷ್ ಪತ್ರಿಕೆಗಳು ಈ ಎರಡನ್ನೂ ಬಿಟ್ಟು ‘ಕಂಟೆಸ್ಟ್’ ಎಂಬ ಮೂರನೆಯ ಪದವನ್ನು ನೆಚ್ಚಿಕೊಂಡಿವೆ. ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಯನ್ನು ಕರೆಯುವ ‘ರನ್ನಿಂಗ್ ಮೇಟ್’ ಕುದುರೆ ರೇಸಿನಿಂದ ಬಂದದ್ದು. ಅದು ಮುಖ್ಯ ಕುದುರೆಗೆ ವೇಗ ಹಾಕಿಕೊಡಲು ಅದೇ ಲಾಯದಿಂದ ಜತೆಗೆ ಬಿಡುತ್ತಿದ್ದ ಕುದುರೆಯ ಹೆಸರು.

ತಪ್ಪಿಸಿಕೊಂಡು ಓಡುವುದು

ಪಲಾಯನದ ಅರ್ಥಕ್ಕೆ ಎರಡೂ ಭಾಷೆಗಳು ಧಾರಾಳಿಗಳು. ಇಂಗ್ಲಿಷಿನಲ್ಲಿ ‘ಫ್ಲೀ’ ಭಯಕ್ಕೆ, ಯುದ್ಧಕ್ಕೆ, ಬರಗಾಲಕ್ಕೆ. ‘ಬೋಲ್ಟ್’ ಬೆದರಿದ ಕುದುರೆಗೆ. ‘ಎಲೋಪ್’ ಪ್ರೇಮಿಗಳಿಗೆ. ‘ಅಬ್ಸ್ಕಾಂಡ್’ ಕಾನೂನಿನ ಕಣ್ಣಿಗೆ ಬೀಳದವರಿಗೆ. ಭಾರತದ ಪೊಲೀಸ್ ಪ್ರಕಟಣೆಗಳಿಗೆ ಈ ಪದವಿಲ್ಲದೆ ದಿನ ಹೋಗದು, ಕನ್ನಡ ಪತ್ರಿಕೆಗಳು ಅದನ್ನು ‘ತಲೆಮರೆಸಿಕೊಂಡ’ ಎಂದು ಅಚ್ಚುಕಟ್ಟಾಗಿ ತರುತ್ತವೆ. ‘ಸ್ಕಾರ್ಪರ್’ ಇಟಾಲಿಯನ್ ಮೂಲದ ಲಂಡನ್ ಗಲ್ಲಿಮಾತು. ‘ಸ್ಕೆಡಾಡಲ್’ ಅಮೆರಿಕದ ಅಂತರ್ಯುದ್ಧದ ಸೈನಿಕರು ಜನಪ್ರಿಯಗೊಳಿಸಿದ ತಮಾಷೆಯ ಪದ. ಕನ್ನಡದಲ್ಲಿ ಪರಾರಿಯಾಗು, ಓಟ ಕೀಳು, ಪೇರಿ ಕೀಳು, ಕಾಲಿಗೆ ಬುದ್ಧಿ ಹೇಳು. ಕೊನೆಯದರ ಮುಂದೆ ಇಂಗ್ಲಿಷಿನ ಇಡೀ ಪಟ್ಟಿ ಸಪ್ಪೆ. ಪ್ರೇಮಿಗಳ ವಿಷಯದಲ್ಲಿ ಕನ್ನಡ ‘ಓಡಿಹೋದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಉಳಿದದ್ದನ್ನು ಊರಿನವರ ಬಾಯಿಗೆ ಬಿಡುತ್ತದೆ.

‘ಹಿಟ್ ಅಂಡ್ ರನ್’ನಲ್ಲಿರುವುದೂ ಇದೇ ಓಟ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಈ ಮಾತು ಕಾನೂನಿನ ಪರಿಭಾಷೆಯಾಗಿಯೇ ಬಂದಿದೆ. ಭಾರತೀಯ ನ್ಯಾಯ ಸಂಹಿತೆ ಅಪಘಾತ ಮಾಡಿ, ಸಾವಿಗೆ ಕಾರಣರಾಗಿ, ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಜೈಲು ಎಂದಾಗ, 2024ರ ಜನವರಿ ಮೊದಲಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದರು. ಆ ಉಪಕಲಮಿನ ಜಾರಿಯನ್ನು ಸರ್ಕಾರ ತಡೆಹಿಡಿಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊಡೆದು ಓಡಿದವರಿಗೆ ಚಪ್ಪಾಳೆ, ಹೊರಗಿನ ರಸ್ತೆಯಲ್ಲಿ ಹೊಡೆದು ಓಡಿದವರಿಗೆ ಸೆರೆಮನೆ.

ಕದ್ದು ಸಾಗಿಸುವುದೂ ‘ರನ್’ ಮಾಡುವುದೇ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ನೌಕಾ ದಿಗ್ಬಂಧನ ಭೇದಿಸಿ ದಕ್ಷಿಣಕ್ಕೆ ಸರಕು ತಲುಪಿಸಿದವರು, 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧ ಕಾಲದಲ್ಲಿ ಸಮುದ್ರದ ಮೇಲೆ ಮದ್ಯ ತಂದವರು, ಎಲ್ಲರೂ ‘ರನ್ನರ್’ಗಳು. ಇಲ್ಲಿ ನೇರ ಸಮಾನಾರ್ಥಕ ‘ಸ್ಮಗಲ್’. ಆದರೆ ಆ ಪದದಲ್ಲಿ ಅಪರಾಧವಷ್ಟೇ ಕಾಣುತ್ತದೆ, ಸಾಹಸ ಕಾಣುವುದಿಲ್ಲ.

ಬಾಲ ಹಚ್ಚಿದ ‘ರನ್’

ಕಲಿಯುವವರಿಗೆ ನಿಜವಾದ ಕಷ್ಟ ಶುರುವಾಗುವುದು ‘ರನ್’ ಪಕ್ಕಕ್ಕೆ ಒಂದು ಪುಟ್ಟ ಅವ್ಯಯ ಬಂದು ಕೂತಾಗ. ಇಂಥ ಜೋಡಿಗಳನ್ನು ಗುರುತಿಸುವ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದರು. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್‌ನ ಅದೇ ಹೆನ್ರಿ ಬ್ರ್ಯಾಡ್ಲಿ.

‘ರನ್ ಇಂಟು’ ಎಂದರೆ ದಾರಿಯಲ್ಲಿ ಹಳೆಯ ಸ್ನೇಹಿತ ಸಿಗುವುದೂ ಹೌದು, ಕಾರು ಮರಕ್ಕೆ ಗುದ್ದುವುದೂ ಹೌದು. ‘ರನ್ ಔಟ್’ ಕ್ರಿಕೆಟ್ಟಿನಲ್ಲಿ ಒಂದು, ಅಡುಗೆಮನೆಯಲ್ಲಿ ಸಕ್ಕರೆ ಮುಗಿದುಹೋಗುವುದು ಇನ್ನೊಂದು. ‘ರನ್ ಅಪ್’ ಮಾಡಿದರೆ ಅಂಗಡಿಯಲ್ಲಿ ಸಾಲ ಬೆಳೆಯುತ್ತದೆ. ‘ರನ್ ಥ್ರೂ’ ಎಂದರೆ ಮೇಲಿಂದ ಮೇಲೆ ಕಣ್ಣಾಡಿಸುವುದು, ಇದ್ದ ಹಣ ಉಡಾಯಿಸುವುದು, ಕತ್ತಿಯಿಂದ ಇರಿಯುವುದು. ಎಲ್ಲಕ್ಕೂ ಮಿಗಿಲು ‘ರನ್ ಡೌನ್’: ಬ್ಯಾಟರಿ ಇಳಿಯುವುದು, ಕಟ್ಟಡ ಪಾಳು ಬೀಳುವುದು, ದೇಹ ಸೊರಗುವುದು, ಬೆನ್ನ ಹಿಂದೆ ಒಬ್ಬರನ್ನು ಹಳಿಯುವುದು, ವಾಹನ ಹಾಯಿಸುವುದು, ಹುಡುಕಾಡಿ ಪತ್ತೆ ಮಾಡುವುದು. ಇವುಗಳ ನಡುವೆ ಸಂಬಂಧ ಹುಡುಕಲು ಹೋಗುವುದಕ್ಕಿಂತ ವಾಕ್ಯದೊಂದಿಗೆ ಕಲಿಯುವುದೇ ಮೇಲು. ಗುಣವಾಚಕ ಜತೆಯಾದರೆ ‘ರನ್’ ಬರೀ ‘ಆಗು’ ಎಂಬಷ್ಟಕ್ಕೆ ಇಳಿಯುತ್ತದೆ: ಕೊಳವೆ ಬಾವಿ ‘ರನ್ ಡ್ರೈ’ ಎಂದರೆ ಬತ್ತಿತು.

ಕೆಲವು ನುಡಿಗಟ್ಟುಗಳಲ್ಲಿ ‘ರನ್’ಗೆ ವಿದೇಶಿ ಜೊತೆಗಾರರು. ‘ರನ್ ಅಮೋಕ್’ನ ‘ಅಮೋಕ್’ ಮಲಯ್ ಭಾಷೆಯದು. ಕೊಲ್ಲುವ ಆವೇಶದಲ್ಲಿ ಸಿಕ್ಕಸಿಕ್ಕವರ ಮೇಲೆ ಎರಗುವುದು. ‘ಗಾಂಟ್ಲೆಟ್’ ಎಂದರೆ ಕೈಗವಸಾದರೂ ‘ರನ್ ದ ಗಾಂಟ್ಲೆಟ್’ ಎಂಬುದರಲ್ಲಿ ಕೈಗವಸಿನ ಸುಳಿವೇ ಇಲ್ಲ. ಸ್ವೀಡಿಷ್ ಸೇನೆಯಲ್ಲಿ ತಪ್ಪಿತಸ್ಥನನ್ನು ಎರಡು ಸಾಲು ಸೈನಿಕರ ನಡುವೆ ಓಡಿಸಿ ಹೊಡೆಯುವ ಶಿಕ್ಷೆಗೆ ‘ಗಾತ್‌ಲೊಪ್’ ಎನ್ನುತ್ತಿದ್ದರು. ಆ ಪದವನ್ನು ಇಂಗ್ಲಿಷರು ತಮಗೆ ಗೊತ್ತಿದ್ದ ಕೈಗವಸಿನ ಪದಕ್ಕೆ ಹೊಂದಿಸಿಕೊಂಡರು.

ಸಮಾನಾರ್ಥಕ ಕೋಶಗಳು ಮತ್ತು ಕನ್ನಡ

ಇಂಗ್ಲಿಷಿನ ಅತಿ ಪ್ರಸಿದ್ಧ ಸಮಾನಾರ್ಥಕ ಕೋಶವನ್ನು 1852ರಲ್ಲಿ ಹೊರತಂದ ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. ಅವನು ಪದಗಳನ್ನು ಅಕಾರಾದಿಯಾಗಿ ಅಲ್ಲ, ಭಾವದ ಪ್ರಕಾರ 1000 ಶೀರ್ಷಿಕೆಗಳಡಿ ಹಂಚಿದ. ಅಂಥ ಕ್ರಮದಲ್ಲಿ ‘ರನ್’ಗೆ ಒಂದು ಮನೆ ಸಿಗುವುದಿಲ್ಲ. ಚಲನೆ, ವೇಗ, ದ್ರವ, ಪಲಾಯನ, ಆಡಳಿತ, ಕಾಲಾವಧಿ, ಹೀಗೆ ಹತ್ತು ಕಡೆ ಅದು ತಲೆಹಾಕುತ್ತದೆ. ಇಂದು ಕಂಪ್ಯೂಟರಿನಲ್ಲಿ ಪದದ ಮೇಲೆ ಒತ್ತಿ ಸಿಕ್ಕಿದ ಮೊದಲ ಸಮಾನಾರ್ಥಕವನ್ನು ಅಂಟಿಸುವವರು ಎಡವುವುದು ಇಲ್ಲೇ. ಅಂಗಡಿಯನ್ನು ‘ಸ್ಪ್ರಿಂಟ್’ ಮಾಡಲಾಗದು, ಮೂಗನ್ನು ‘ಆಪರೇಟ್’ ಮಾಡಿದರೆ ಅರ್ಥ ಆಸ್ಪತ್ರೆಗೆ ಹೋಗುತ್ತದೆ.

ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಕೊಡುವ ಕೆಲಸಕ್ಕೆ ಎರಡು ಶತಮಾನದ ಚರಿತ್ರೆಯಿದೆ. ವಿಲಿಯಂ ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು. ಇತ್ತೀಚಿನವು ಹಲವು. ಹೊಸ ನಿಘಂಟು ಕೊಳ್ಳುವ ಓದುಗರು ಅಂಗಡಿಯಲ್ಲೇ ‘ರನ್’ ಇರುವ ಪುಟ ತೆರೆದು ನೋಡಬಹುದು. ಅಲ್ಲಿ ಓಡು, ಹರಿ, ನಡೆಸು ಎಂದು ಬರಿಯ ಪದಗಳ ಸಾಲಿದ್ದರೆ ಪುಸ್ತಕವನ್ನು ಮರಳಿ ಇಟ್ಟುಬಿಡಿ. ಮೂಗು ಸೋರುವುದಕ್ಕೆ, ಬಣ್ಣ ಬಿಡುವುದಕ್ಕೆ, ಚುನಾವಣೆಗೆ ನಿಲ್ಲುವುದಕ್ಕೆ ಒಂದೊಂದು ಉದಾಹರಣೆ ವಾಕ್ಯ ಕೊಟ್ಟಿದ್ದರೆ ಕೊಳ್ಳಿ.